ಕಂಪ್ಯೂಟರಿನೊಳಗಿನ ನರ

ಗಂಡನ ಮಣ್ಣು ಮುಗಿದು ನೆಂಟರೆಲ್ಲ ಹೋದ ಮರುದಿನ ಮುಂಜಾನೆ ಯಶೋಧರಾ ಕೊಳಕೂರಿನ ಕುಲಸುಮಬಿಯನ್ನು ಹುಡುಕಿಕೊಂಡು ಜೇವರ್ಗಿ ಬಸ್‌ನಿಲ್ದಾಣಕ್ಕೆ ಬಂದಳು. ಕೇಳದ ಕಿವಿಯೊಳಗೆ ಯಂತ್ರ ಕೂಡಿಸಿದ್ದ ಮಗಳು ಜೀನತಳನ್ನು ಎತ್ತಿಕೊಂಡು ಕುಲಸುಮಬಿ ಅಣ್ಣನೊಡನೆ ವಾದಕ್ಕೆ ನಿಂತಿದ್ದಳು.

"ಇಕಿ ಕಿವಿ ನರದ ನಕಲು ಕಂಪ್ಯೂಟರಿನಾಗ ಮಾಡಿ ನೋಡ್ಯಾರ ದವಾಖಾನಿಯವರು. ಮಷೀನಿನ ಕರೆಂಟ್ ಇಕಿ ನರಕ್ಕ ಮುಟ್ಟಂಗಿಲ್ಲಂತ ಕಂಪ್ಯೂಟರ್ ಹೇಳ್ಯಾದ. ಇನ್ನ ದವಾಖಾನಿ ಸಾಕು."

"ಕಂಪ್ಯೂಟರಿನಾಗಿಂದು ಅವರು ಮಾಡಿದ ನರ, ಭಾಯಿ. ಇಕಿದು ಅಲ್ಲಾಹು ಮಾಡಿದ್ದು."

"ಭಾರಿ ಡಾಕ್ಟರ್ ಆಗೀದಿ!"

"ನಿನ್ನೆ ಕುಕ್ಕರ್ ಸೀಟಿಗೆ ಹೊಳ್ಳಿ ನೋಡ್ಯಾಳ."

"ಒಂದೇ ಸಲ."

"ಇನ್ನೊಂದು ಸಲ ನೋಡೂತನಕ ಬಿಡಂಗಿಲ್ಲ. ನೀ ಬರಂಗಿಲ್ಲಂದ್ರ ಮನಿಗಿ ನಡಿ."

ಯಶೋಧರಾ ಮುಂದೆ ಹೋಗಿ ಫೈಲ್ ಕೊಟ್ಟಳು.

"ಜೀನತನ ರಿಪೋರ್ಟುರಿ. ಕಂಪ್ಯೂಟರಿನಾಗ ಆ ನರ ಮಾಡಿದವರು ನನ್ನ ಯಜಮಾನ್ರು. ಈ ರಿಪೋರ್ಟ್ ನಿಮ್ಮಿಂದ ಎರವಲು ಒಯ್ದಿದ್ರು. ಅವರು ಹೋದ್ರು. ಕಂಪ್ಯೂಟರಿನಾಗಿನ ಆ ನರದ ಲೆಕ್ಕ ಇನ್ನೂ ಮುಗಿಸಿರಲಿಲ್ರಿ."

ಕುಲಸುಮಬಿ ಅವಳ ಕೈ ಗಟ್ಟಿಯಾಗಿ ಹಿಡಿದಳು. ಆಮೇಲೆ ಅಣ್ಣನತ್ತ ತಿರುಗಿ, "ಕೇಳ್ದೇನು?" ಎಂದವಳೇ ಮಗಳೊಡನೆ ದವಾಖಾನೆಗೆ ಹೋಗಲು ಕಲಬುರಗಿ ಬಸ್ ಹತ್ತಿದಳು.