ಜಾಕೆಟ್ಟಿನ ಪಟ್ಟಿ

ಬಸ್ಸಿನಲ್ಲಿ ಕಣ್ಣು ಮುಚ್ಚಿದವರ ಕಿವಿಯೂ ಮುಚ್ಚಿರುತ್ತದೆ ಎಂಬುದು ಜನರ ನಂಬಿಕೆ. ಮೂವರ ಸೀಟಿನ ತುದಿಯಲ್ಲಿ ಮುಂದಿನ ಕಂಬಿಗೆ ಹಣೆಯಾನಿಸಿ ಕೂತಿದ್ದವಳು ಲೈಫ್ ಜಾಕೆಟ್ ಕಾರ್ಖಾನೆಯ ದರ್ಜಿ. ಹನ್ನೊಂದು ವರ್ಷದಿಂದ ಅವಳದು ಒಂದೇ ಕೆಲಸ: ಜಾಕೆಟ್ಟಿಗೆ ಸೊಂಟದ ಪಟ್ಟಿ ಹೊಲಿಯುವುದು, ಹೊಲಿದ ಮೇಲೆ ಎರಡೂ ಕೈಯಲ್ಲಿ ಜಗ್ಗಿ ನೋಡುವುದು. ಪಕ್ಕದಲ್ಲಿ ಗಂಡಹೆಂಡತಿ ಪಿಸುಗುಡುತ್ತಿದ್ದರು.

"ಅತ್ತೆಗೆ ಏನಂತ ಹೇಳ್ತೀರಿ?"

"ದೋಣಿ ಮಗುಚಿ ತಮ್ಮ ಮುಳುಗಿಹೋದ ಅಂತ."

"ಜಾಕೆಟ್ ಹಾಕಿರಲಿಲ್ವಾ ಅಂತ ಕೇಳೇ ಕೇಳ್ತಾರೆ."

ಗಂಡ ಕೈಯಲ್ಲಿದ್ದ ಟಿಕೆಟ್ಟನ್ನು ಮಡಚತೊಡಗಿದ.

"ಟ್ರಿಪ್ಪಿಗೆ ಹೊರಡುವಾಗ ಮೂರು ಜನಕ್ಕೆ ಎರಡೇ ದಿಂಬು ಇಟ್ಟೋಳು ನಾನು. ಅವನ ಜಾಕೆಟ್ ಬಾಡಿಗೆ ವ್ಯಾನಲ್ಲಿ ದಿಂಬಿನ ಬದಲು ನನ್ನ ತಲೆಯಡಿ ಇತ್ತು ಕಣ್ರೀ."

"'ಅತ್ತಿಗೆ ಮಲಗಿದ್ದಾರೆ, ಎಬ್ಬಿಸ್ಬೇಡಣ್ಣ. ಕೆರೆ ಕನ್ನಡಿ ಥರ ಇದೆ, ದೋಣೀಲಿ ಒಂದು ಸುತ್ತು ಹೋಗ್ಬರ್ತೀನಿ' ಅಂದ. ನಾನು ಜೊತೆಗೆ ತಂದಿದ್ದ ಸೈಕಲ್ಲಿನ ಚೈನ್ ಹಾಕ್ತಾ ಹೂಂ ಅಂದ್ಬಿಟ್ಟೆ."

"ಅದನ್ನೇ ಹೇಳ್ತೀರಾ?"

"ಹೇಳಿದ್ರೆ ಅಮ್ಮ ಈ ಜನ್ಮದಲ್ಲಿ ನಮ್ಮಿಬ್ಬರ ಮುಖ ನೋಡಲ್ಲ."

"ಮತ್ತೆ?"

"ಹಾಕ್ಕೊಂಡಿದ್ದ, ಪಟ್ಟಿ ಕಿತ್ತುಹೋಯ್ತು ಅಂತೀನಿ. ಹೊಲಿದವರ ಕೈ ಸೇದಿಹೋಗ್ಲಿ ಅಂತ ಶಾಪ ಹಾಕ್ತಾಳೆ. ಹಾಕ್ಲಿ."

"ಪಾಪ, ಯಾರೋ ಏನೋ."

"ಯಾರೋ ತಾನೆ."

ಬಸ್ಸು ನಿಂತಿತು.

"ಅಕ್ಕಾ, ಸ್ವಲ್ಪ ದಾರಿ ಬಿಡ್ತೀರಾ?" ಎಂದಳು ಹೆಂಡತಿ, ಮೆಲ್ಲಗೆ.

ದರ್ಜಿ ಕಣ್ಣು ತೆರೆದಳು. ಎರಡೂ ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡು, ಮೊಣಕಾಲು ಓರೆ ಮಾಡಿ, ಅವರಿಗೆ ದಾರಿ ಬಿಟ್ಟಳು.