ಖಾಲಿ ಉಳಿದ ಸಂಪರ್ಕ ಪಟ್ಟಿ

ಕ್ಷಯರೋಗ ಆಸ್ಪತ್ರೆಯ ಎಕ್ಸ್-ರೇ ಕೋಣೆಯ ಹೊರಗೆ ನನ್ನ ಸರದಿಗಾಗಿ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಮಾಸ್ಕ್ ಹಾಕಿಕೊಂಡ, ಐವತ್ತು ದಾಟಿದ ಹೆಂಗಸೊಬ್ಬರಿದ್ದರು. ಅವರೆದುರು ಫಾರಂ ಹಿಡಿದ, ಆರೋಗ್ಯ ಇಲಾಖೆಯ ಯುವತಿ.

"ಮೇಡಂ, ಮೂರು ತಿಂಗಳಿಂದ ನಿಮ್ಮ ಜೊತೆ ಒಂದೇ ಕೋಣೇಲಿ ಹೊತ್ತು ಕಳೆದೋರು ಯಾರ್ಯಾರು? ಅವರನ್ನೂ ಪರೀಕ್ಷೆ ಮಾಡ್ಬೇಕಲ್ಲ."

"ಫಾರಂನಲ್ಲಿ ಆ ಪ್ರಶ್ನೆ ಬರೆದೋಳೇ ನಾನು ಕಣೇ. ಯಾರೂ ಇಲ್ಲ."

"ಮನೇಲಿ?"

"ಅಮ್ಮ ಹೋದ್ಮೇಲೆ ಒಬ್ಳೇ."

"ಆಫೀಸಲ್ಲಿ?"

"ಬಾಗಿಲು ಹಾಕ್ಕೊಂಡು, ಯಾರಿಂದ ಯಾರಿಗೆ ರೋಗ ಅಂಟ್ತು ಅಂತ ಕಂಪ್ಯೂಟರಲ್ಲಿ ಹುಡುಕ್ತಾ ಕೂತಿರ್ತೀನಿ. ಊಟಾನೂ ಅಲ್ಲೇ."

"ನಿಮ್ಮ ತಂಗಿ?"

"ಭಾನುವಾರ ಫೋನ್ ಮಾಡ್ತಾಳೆ. ಫೋನಲ್ಲಿ ಕ್ಷಯ ಅಂಟಲ್ಲಮ್ಮ."

ಇಬ್ಬರೂ ನಕ್ಕರು. ನಗುತ್ತಲೇ ಹೆಂಗಸಿಗೆ ಕೆಮ್ಮು ಬಂತು.

"ಬೇಜಾರು ಮಾಡ್ಕೋಬೇಡಿ ಮೇಡಂ. ಇನ್ನೊಂದ್ಸಲ ಯೋಚನೆ ಮಾಡಿ."

"ಯಾಕೆ, ನಂಬಿಕೆ ಇಲ್ವಾ?"

"ಪಟ್ಟಿ ಖಾಲಿ ಇದ್ರೆ ರೋಗಿ ಯಾರನ್ನೋ ಮುಚ್ಚಿಡ್ತಿದ್ದಾರೆ ಅಂತರ್ಥ, ಬಿಡದೆ ಕೇಳಿ ಅಂತ ನೀವೇ ನಮಗೆ ಹೇಳ್ಕೊಟ್ಟಿದ್ದು."

ಹೆಂಗಸು ಫಾರಂ ಕಡೆ ನೋಡಿದರು.

"ಹೌದು, ಹೇಳ್ಕೊಟ್ಟಿದ್ದೆ. ಕ್ಷಯ ಬಂದಿದ್ದ ಒಬ್ಬ ವಾಚ್‌ಮನ್‌ನ ನಾಲ್ಕು ಸಲ ಕೇಳಿದ್ದೆ. ಕೊನೆಗೆ ಅತ್ತೇಬಿಟ್ಟ. ನಾನು, 'ಏನೋ ಮುಚ್ಚಿಡ್ತಿದ್ದಾನೆ' ಅಂತಾನೇ ಬರ್ಕೊಂಡೆ. ಪಾಪ, ಅವನಿಗೂ ಯಾರೂ ಇರ್ಲಿಲ್ಲ ಅಂತ ಕಾಣತ್ತೆ."

ಯುವತಿ ಪೆನ್ನಿನ ಮುಚ್ಚಳ ಹಾಕಿದಳು. ಅಷ್ಟರಲ್ಲಿ ಒಳಗಿಂದ ಕರೆ ಬಂತು. ಹೆಂಗಸು ಎದ್ದು ಸೆರಗು ಸರಿಮಾಡಿಕೊಂಡರು.

"ಒಳಗೆ ನನ್ನನ್ನ ಬಿಡಲ್ಲ ಅಲ್ವಾ ಮೇಡಂ?"

"ಎಕ್ಸ್-ರೇ ಅಲ್ವೇನೇ, ಹೇಗೆ ಬಿಡ್ತಾರೆ?" ಎಂದು ಎರಡು ಹೆಜ್ಜೆ ನಡೆದವರು ನಿಂತರು. "ಬಾಗಿಲ ತನಕ ಬಾ."

ಇಬ್ಬರೂ ನಿಧಾನವಾಗಿ ನಡೆದು ಹೋದರು.