ಕಾಶಮ್ಮನ ಹೂಂ

ಇದು ರಾಜೇಶ್ವರದಲ್ಲಿ, ನಮ್ಮ ಅತ್ತಿಗೆಯ ತಂಗಿ ಕಸ್ತೂರಿಬಾಯಿಗೆ ಆದದ್ದು. ಕಳೆದ ಶ್ರಾವಣದಲ್ಲೇ.

ಹುಮನಾಬಾದಿನ ಕೊನೆಯ ಬಸ್ಸಿಳಿದು ಅತ್ತೆ ಸೊಸೆ ನಡೆದು ಬರುತ್ತಿದ್ದರು. ಇಬ್ಬರ ನಡುವೆ ಹೊಸ ಟಿವಿಯ ಡಬ್ಬ. ಹಾಳುಬಾವಿ ದಾಟುವಾಗ...

"ಹೂಂ."

"ಅತ್ತೀ, ಯಾರೋ ಹೂಂ ಅಂದ್ರು," ಸೊಸೆ ಮನೀಷಾ ಪಿಸುಗುಟ್ಟಿದಳು.

"ಕಪ್ಪಿ ಇರಬೇಕು. ನಡಿ."

"ಕಪ್ಪಿ ಹೂಂ ಅಂತದೇನ್ರಿ?"

ಕಸ್ತೂರಿಬಾಯಿ ಹೆಜ್ಜೆ ಚುರುಕು ಮಾಡಿದಳು. ಆ ದನಿ ಆಕೆಗೆ ಗೊತ್ತಿತ್ತು.

ಶ್ರಾವಣದ ಪುರಾಣಕ್ಕೆ ಓಣಿಯ ಹೆಂಗಸರೆಲ್ಲ ಅವಳ ಮನೆಗೇ ಬರುವುದು. ಅವಳು ಓದಬೇಕು, ಓದು ಬಾರದ ಮುದುಕಿ ಕಾಶಮ್ಮ ಪ್ರತಿ ಪದ್ಯಕ್ಕೂ "ಹೂಂ" ಎನ್ನಬೇಕು, ಆಮೇಲೇ ಮುಂದಿನದು. ಹಿರಿಯರ ರೂಢಿ. ಅಧ್ಯಾಯ ಮುಗಿದರೆ ಪುಸ್ತಕಕ್ಕೆ ವಿಭೂತಿ ಬಳಿಯುವವಳೂ ಕಾಶಮ್ಮನೇ. ಆ ವರ್ಷ ಪುರಾಣ ಮೊಬೈಲಿಗೆ ಬಂತು, ಮೊಬೈಲಿನಿಂದ ಪಡಸಾಲೆಯ ಟಿವಿಗೆ ಹತ್ತಿತು. ಅಂಗೈಯಷ್ಟು ಅಕ್ಷರ. ಎಲ್ಲರೂ ತಾವೇ ಓದತೊಡಗಿದರು.

"ಕಾಶಮ್ಮಕ್ಕ, ಇನ್ನ ನಿನ್ನ ಹೂಂ ಯಾತಕ್ಕ?" ಎಂದಳು ಕಸ್ತೂರಿಬಾಯಿ, ಎಲ್ಲರ ಮುಂದೆ.

ಹೆಂಗಸರು ನಕ್ಕರು. ಕಾಶಮ್ಮನೂ ನಕ್ಕಳು... ಎದ್ದು ಹೊರಗಿನ ಕಟ್ಟೆಗೆ ಹೋಗಿ ಕೂತಳು. ಮರುವಾರ ತೀರಿಕೊಂಡಳು. ಕಸ್ತೂರಿಬಾಯಿ ಮಣ್ಣಿಗೂ ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗುವುದು?

ಬಸ್ಸಿಳಿದು ಬಂದ ಆ ರಾತ್ರಿ ಕಳೆದರೆ ಪುರಾಣದ ಮಂಗಳ. ಕಟ್ಟೆಯ ಮೇಲೆ ಕೂತವರಿಗೂ ಕಾಣಲಿ ಎಂದು ಈ ಎರಡನೇ ಟಿವಿ.

ರಾತ್ರಿಯೇ ಜೋಡಿಸಿದರು. ಒಳಗೊಂದು, ಹೊರಗೊಂದು, ಎರಡರಲ್ಲೂ ಅದೇ ಪುಟ. ಕದ ಮುಚ್ಚಿ ಕಸ್ತೂರಿಬಾಯಿ ಬೆರಳಾಡಿಸಿದಳು. ಮೊಬೈಲಿನಲ್ಲಿ ಪುಟ ಸರಿಯಿತು. ಟಿವಿಯಲ್ಲಿ ಸರಿಯಲಿಲ್ಲ.

"ನೆಟ್ ಸ್ಲೋ ಅದ ನೋಡ್ರಿ."

ಮತ್ತೆ ಆಡಿಸಿದಳು... ಇಲ್ಲ.

ಏನನ್ನಿಸಿತೋ, ತಲೆಗೆ ಸೆರಗು ಹೊದ್ದು, ಟಿವಿಯಲ್ಲಿ ನಿಂತಿದ್ದ ಪದ್ಯವನ್ನು ಬಾಯಿಬಿಟ್ಟು ಓದಿದಳು. ನಿಲ್ಲಿಸಿದಳು. ಫ್ಯಾನು ಟಕ್... ಟಕ್... ಎನ್ನುತ್ತಿತ್ತು.

ಹೊರಗಿನ ಕಟ್ಟೆಯಿಂದ, ಕಫ ಕಟ್ಟಿದ ದನಿ:

"ಹೂಂ."

ಟಿವಿಯಲ್ಲಿ ಪುಟ ತಿರುಗಿತು.

"ಅತ್ತೀ, ಬಂದ್ ಮಾಡ್ರಿ..."

"ಸುಮ್ನಿರು. ಆಕಿ ಕೇಳಾಕತ್ಯಾಳ."

ತಪ್ಪಾಯಿತು ಎನ್ನಲು ಬಾಯಿ ತೆರೆದಳು. ನಾಚಿಕೆ ಬಿಡಲಿಲ್ಲ. ಪುರಾಣವನ್ನೇ ಓದಿದಳು. ಪದ್ಯಕ್ಕೊಂದು ಹೂಂ... ಅಧ್ಯಾಯ ಮುಗಿದರೂ ಕದದ ಕಡೆ ಕಣ್ಣೆತ್ತಲಿಲ್ಲ.

ಬೆಳಗ್ಗೆ ಕಟ್ಟೆ ಖಾಲಿ. ಹೊರಗಿನ ಟಿವಿಯ ಗಾಜಿನ ಮೇಲೆ ಮಾತ್ರ, ಪೂಜೆಯ ಪುಸ್ತಕಕ್ಕೆ ಬಳಿದ ಹಾಗೆ, ಮೂರು ಬೆರಳಿನ ವಿಭೂತಿ.

ಸುಳ್ಳಲ್ಲ. ಮಂಗಳಕ್ಕೆ ಹೋದಾಗ ನಾನೇ ಮುಟ್ಟಿ ನೋಡಿದ್ದೇನೆ. ಇನ್ನೂ ಹಸಿ ಇತ್ತು.